ಖಾಲಿ ಬಿಟ್ಟ ಸಾಲು

ಶಾಲೆಯ ಹೊಸ ಕಟ್ಟಡದ ಚಾವಣಿ ಕುಸಿದು ಹನ್ನೊಂದು ಮಕ್ಕಳ ಕೈಕಾಲು ಮುರಿದದ್ದಕ್ಕೆ ಊರೆಲ್ಲ ತಮ್ಮತ್ತ ಬೆರಳು ತೋರಿಸುತ್ತಿರುವುದು ಶಾಸಕರಿಗೆ ಶುದ್ಧ ಅನ್ಯಾಯವೆನಿಸಿತು. ಸಿಮೆಂಟಿಗೆ ಕಂಡಾಪಟ್ಟೆ ಮರಳು ಬೆರೆಸಿದ್ದು ಅವರೇನು? ಗುತ್ತಿಗೆದಾರನಿಗೆ ಶಿಫಾರಸು ಕೊಟ್ಟಿದ್ದು ನಿಜ. ಅದಕ್ಕಾಗಿ ಅವನು ತಮ್ಮ ಮಗಳಿಗೊಂದು ಮನೆ ಕಟ್ಟಿಕೊಟ್ಟಿದ್ದೂ ನಿಜ. ಆದರೆ ಮನೆಯಿದ್ದದ್ದು ಅಳಿಯನ ಹೆಸರಿನಲ್ಲಿ. ಅದು ಎಲ್ಲಿಂದ ಬಂತೆಂದು ಮಾವನನ್ನು ಕೇಳುವಷ್ಟು ಬುದ್ಧಿ ಆ ಪೆದ್ದನಿಗೆ ದೇವರು ಕೊಟ್ಟಿರಲಿಲ್ಲ.

ತನಿಖೆ ಹತ್ತಿರ ಬಂದಿತ್ತು. ಸಿಕ್ಕಿಬಿದ್ದರೆ ಕುರ್ಚಿ ಹೋಗುತ್ತದೆ, ಜೈಲೂ ಗ್ಯಾರಂಟಿ. ಬೇರೆ ಯಾರಾದರೂ ಆಗಿದ್ದರೆ ಕಂಡಕಂಡವರ ಕಾಲು ಹಿಡಿಯುತ್ತಿದ್ದರು. ಶಾಸಕರು ಒಂದು ಪತ್ರ ಬರೆದರು, ಎರಡು ವರ್ಷ ಹಿಂದಿನ ತಾರೀಕು ಹಾಕಿ: ‘ಶಾಲೆಯ ಚಾವಣಿ ಕೆಲಸ ತೀರಾ ಕಳಪೆ. ಖುದ್ದಾಗಿ ನೋಡಿ ಬಂದಿದ್ದೇನೆ. ಕೂಡಲೇ ನಿಲ್ಲಿಸಿ.’ ಆ ದಿನ ಭಾನುವಾರವಲ್ಲ, ರಜೆಯಲ್ಲ, ತಾವೂ ಊರಲ್ಲೇ ಇದ್ದರು. ಲೆಟರ್‌ಹೆಡ್ ಕೂಡ ಹಳೆಯದೇ. ಪತ್ರ ಕಂಡೂ ಸುಮ್ಮನಿದ್ದ ತಪ್ಪನ್ನು ಹೊರಲು ಕಟ್ಟಡ ಇಲಾಖೆಯ ಎಂಜಿನಿಯರ್ ಇದ್ದ. ಹೋದ ವರ್ಷವೇ ಸತ್ತು ಬಹಳ ಉಪಕಾರ ಮಾಡಿದ್ದ.

ಉಳಿದದ್ದು ಆ ಇಲಾಖೆಯ ಟಪಾಲು ರಿಜಿಸ್ಟರ್. ಬಂದ ಪತ್ರವೆಲ್ಲ ಅದರಲ್ಲಿ ದಾಖಲಾಗಬೇಕು.

“ದಿನದ ಕೊನೇಲಿ ಒಂದು ಸಾಲು, ಒಂದು ನಂಬರು ಖಾಲಿ ಬಿಟ್ಟಿರ್ತೀನಿ ಸಾರ್,” ಎಂದ ಗುಮಾಸ್ತ. “ದೊಡ್ಡೋರಿಗೆ ಯಾವಾಗ ಬೇಕಾಗುತ್ತೋ ಹೇಳೋಕಾಗಲ್ಲ.”

“ನಿನ್ನಂಥೋರು ಇರೋದ್ರಿಂದಲೇ ಸರ್ಕಾರ ನಡೀತಿದೆ ಕಣಯ್ಯಾ,” ಎಂದರು ಶಾಸಕರು. ಮನಸ್ಸಿನಲ್ಲಿ ಅವನನ್ನು ಜಿಗಣೆ ಎಂದುಕೊಂಡರು.

ಅವನು ಹಳೆಯ ಪೆನ್ನು ಹುಡುಕಿ ತೆಗೆದು, ಆ ತಾರೀಕಿನ ಕೊನೆಯ ಸಾಲು ತುಂಬಿದ. ಮರುದಿನ ಶಾಸಕರು ಸದನದಲ್ಲಿ ಎದ್ದು ನಿಂತು ರಿಜಿಸ್ಟರಿನ ಆ ಪುಟದ ನಕಲನ್ನು ಎತ್ತಿ ಹಿಡಿದರು. ಅವರ ಕಣ್ಣಲ್ಲಿ ನೀರೂ ಬಂತು. ಅಷ್ಟು ಹೇಳಿದರೂ ಕೇಳಲಿಲ್ಲವಲ್ಲ, ಪಾಪ ಮಕ್ಕಳು! ವಿರೋಧ ಪಕ್ಷದವರ ಬಾಯಿ ಬಂದ್ ಆಯಿತು. ಕುರಿಗಳು, ಎಂದುಕೊಂಡು ಶಾಸಕರು ಆ ಪುಟವನ್ನು ತಮ್ಮ ಕೈಯಾರೆ ತನಿಖಾಧಿಕಾರಿಗೆ ಕಳಿಸಿಕೊಟ್ಟರು.

ತನಿಖಾಧಿಕಾರಿ ಮೆತ್ತಗೆ ಮಾತಾಡುವ ಹೆಂಗಸು. ಪುಟವನ್ನು ಅವರ ಮುಂದಿಟ್ಟು, “ನಿಮ್ಮ ಸಾಲು ಓದಿದೆ ಸಾರ್. ಅದರ ಮೇಲಿನ ಸಾಲು ನೀವು ಓದಿದ್ರಾ?” ಎಂದಳು. ಶಾಸಕರು ಜನ್ಮದಲ್ಲಿ ಬೇರೆಯವರ ಅರ್ಜಿ ಓದಿದವರಲ್ಲ. ಕನ್ನಡಕ ಹುಡುಕಿ ಹಾಕಿಕೊಂಡರು. ಅದೇ ತಾರೀಕು, ಅದೇ ಗುಮಾಸ್ತನ ದುಂಡು ಅಕ್ಷರ. ಮುಖ್ಯೋಪಾಧ್ಯಾಯಿನಿಯ ಅರ್ಜಿ, ಆರನೆಯದು: ‘ಶಾಲೆಗೆ ಇನ್ನೂ ಪಾಯವನ್ನೇ ತೋಡಿಲ್ಲ. ಆಳುಗಳೆಲ್ಲ ಶಾಸಕರ ಮಗಳ ಮನೆ ಕಟ್ಟುತ್ತಿದ್ದಾರೆ.’