ಬೆಣೆ ಬಿಚ್ಚಿದ ದಿನ

ಚಹಾದ ಮಗ್ ಕೊಡುವಾಗ ಬೆರಳಿಗೆ ಬೆರಳು ತಾಗಿತು. ವಿಲ್ಫ್ ಕಿವಿ ಕೆಂಪಾಗಿ ಮುಖ ತಿರುಗಿಸಿದ. ಹೆಸ್ಟರ್‌ಗೆ ಏನೂ ಅನ್ನಿಸಲಿಲ್ಲ.

ಎರಡು ವರ್ಷದಿಂದ ಹಾಗೇ. ಗಂಡ ತೀರಿಕೊಂಡ ದಿನ ಒಳಗೆಲ್ಲ ಮರಗಟ್ಟಿತ್ತು. ಕುರಿ ಕಾಯುತ್ತಿದ್ದಳು, ಬ್ರೆಡ್ ಬೇಯಿಸುತ್ತಿದ್ದಳು, ಭಾನುವಾರ ಚರ್ಚಿನಲ್ಲಿ ಹಾಡುತ್ತಲೂ ಇದ್ದಳು. ಊಟವಿತ್ತು, ರುಚಿಯಿರಲಿಲ್ಲ.

ಯಾರ್ಕ್‌ಶೈರಿನ ಆ ಬೋಳು ಬಯಲಿನಲ್ಲಿ, ಅವಳ ಹೊಲದಂಚಿನ ಹಳ್ಳಕ್ಕೆ ಆರುನೂರು ವರ್ಷದ ಕಲ್ಲುಸೇತುವೆ. ಉಪ್ಪು, ಉಣ್ಣೆ ಹೊತ್ತ ಕುದುರೆಗಳಿಗೆಂದು ಕಟ್ಟಿದ್ದು. ಒಂದೇ ಕಮಾನು, ಒಂದೇ ಕುದುರೆಯಗಲ. ಚಳಿಗಾಲದ ನೆರೆಗೆ ಅರ್ಧ ಕಮಾನು ಕೊಚ್ಚಿಹೋಗಿತ್ತು. ಕಲ್ಲುಕುಟಿಗ ವಿಲ್ಫ್ ಆರು ವಾರದಿಂದ ಒಬ್ಬನೇ ಅದನ್ನು ಮತ್ತೆ ಕಟ್ಟುತ್ತಿದ್ದ.

"ನಿಮ್ಮ ಚಹಾಕ್ಕೋಸ್ಕರ ಕೆಲಸ ಎಳೀತಿದೀನಂತೆ. ಊರಲ್ಲೆಲ್ಲ ಆಡ್ಕೋತಿದಾರೆ."

"ನಿಜಾನಾ?"

"ಚಹಾ ಅಷ್ಟೇನೂ ಚೆನ್ನಾಗಿರಲ್ಲ."

ನಗಬೇಕಿತ್ತು. ನಗು ಬರಲಿಲ್ಲ.

"ಇವತ್ತು ಬೆಣೆ ಬಿಚ್ತೀನಿ," ಎಂದ. "ಅಡಿಗಿರೋ ಮರದ ಚೌಕಟ್ಟನ್ನ ಬೆಣೆಗಳೇ ಎತ್ತಿ ಹಿಡಿದಿರೋದು. ಅದು ಇಳಿದ್ಮೇಲೆ ಕಮಾನು ತನ್ನ ಭಾರ ತಾನೇ ಹೊರಬೇಕು."

ಅವನು ಹಳ್ಳಕ್ಕಿಳಿದು ಸುತ್ತಿಗೆ ಎತ್ತುವಷ್ಟರಲ್ಲಿ ಹೆಸ್ಟರ್ ಸೇತುವೆಯ ನಡುಮಧ್ಯೆ ಹೋಗಿ ನಿಂತಿದ್ದಳು.

"ಇಳೀರಿ!"

"ನಿಮ್ಮ ಕೆಲಸ ನಿಮಗೇ ನಂಬಿಕೆ ಇಲ್ವಾ?"

"ಇದೆ. ಆದ್ರೂ ಇಳೀರಿ."

"ಬಿದ್ರೆ ಬೀಳ್ಲಿ ಬಿಡಿ."

ಆ ದನಿಯಲ್ಲಿ ತಮಾಷೆಯಿರಲಿಲ್ಲ. ವಿಲ್ಫ್ ಸುತ್ತಿಗೆ ಹಿಡಿದೇ ಮೇಲೆ ಬಂದ, ಮೊಣಕೈ ಹಿಡಿದು ಅವಳನ್ನು ದಡಕ್ಕೆ ತಂದ. ಸುತ್ತಿಗೆ ಅವಳ ಕೈಗಿಟ್ಟ.

"ಕಟ್ಟಿದೋನು ನಾನು, ನಿಲ್ಲೋನೂ ನಾನೇ. ದಡದಿಂದ್ಲೇ ಹೊಡಿ. ಅಡಿಗೆ ಹೋಗ್ಬೇಡ," ಎಂದು ಹೋಗಿ ಕಮಾನಿನ ನಡುವೆ ನಿಂತ.

ಮೊದಲ ಬೆಣೆ ಸಲೀಸಾಗಿ ಬಂತು. ಎರಡನೆಯದೂ. ಮೂರನೆಯದಕ್ಕೆ ಕಮಾನು ಕರಕ್ ಎಂದಿತು. ಹಿಡಿ ಗಾರೆ ನೀರಿಗೆ ಉದುರಿತು.

"ವಿಲ್ಫ್!"

ಉತ್ತರವಿಲ್ಲ.

"ವಿಲ್ಫ್, ಮಾತಾಡೋ!"

"ಇದೀನಿ. ಕಲ್ಲು ಕೂತ್ಕೋತಿವೆ, ಅಷ್ಟೇ. ಇನ್ನೊಂದಿದೆ."

"ನನ್ ಕೈಲಾಗಲ್ಲ. ಹೆದರಿಕೆ ಆಗ್ತಿದೆ."

ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು.

"ಹೆದರ್ಕೊಂಡೇ ಹೊಡಿ," ಎಂದ ಮೆಲ್ಲಗೆ. "ನಂಗೂ ಹೆದರಿಕೆನೇ."

ಹೊಡೆದಳು. ಚೌಕಟ್ಟು ಬೆರಳಷ್ಟು ಇಳಿಯಿತು. ಕಲ್ಲಿಗೂ ಮರಕ್ಕೂ ನಡುವೆ ಬೆಳಕಿನ ಗೆರೆ ಮೂಡಿತು. ಸೇತುವೆ ನಿಂತಿತ್ತು.

ಅವನು ಇಳಿದು ಬರುವಾಗ ಹೆಸ್ಟರ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವನ ಎದೆಗೊಂದು ಗುದ್ದಿದಳು.

"ಕರೆದ ತಕ್ಷಣ ಓ ಅನ್ನೋಕೇನಾಗಿತ್ತು?"

"ಆರು ವಾರದಲ್ಲಿ ಇವತ್ತೇ ನೀನು ನನ್ನ ಹೆಸರು ಕರೆದಿದ್ದು," ಎಂದ ವಿಲ್ಫ್. "ಇನ್ನೊಂದ್ಸಲ ಕೇಳ್ಬೇಕನ್ನಿಸ್ತು."