ಯಾರದೋ ಕಾಲಿನ ಫೋಟೋ

ಫೋಟೋಗಳು ಮಸುಕಾಗಿ ಬರುತ್ತಿವೆ ಎಂದು ಜಗಳವಾಡಲು ನಾನೇ ಮೂರನೇ ಮಹಡಿಯಿಂದ ಇಳಿದು ಹೋದೆ. ಕೆಳಗಿನ ಫೋಟೋ ರೂಮಿನಲ್ಲಿ ಉದ್ದ ತೋಳಿನ ಅಂಗಿ ತೊಟ್ಟವನೊಬ್ಬ ಲೆನ್ಸ್ ಒರೆಸುತ್ತ ಕೂತಿದ್ದ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಒರೆಸುತ್ತಲೇ ಇದ್ದ. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ನನಗೆ ಕೊಟ್ಟ.

"ತಗೊಳ್ಳಿ ಮೇಡಂ. ನಿಮ್ಮ ಸ್ಕ್ರೀನ್ ಒಂದ್ಸಲ ಒರೆಸಿ ನೋಡಿ. ಆಮೇಲೂ ಮಸುಕಿದ್ರೆ ನಾನೇ ಮೇಲೆ ಬಂದು ಬೈಸ್ಕೋತೀನಿ."

ಮೇಲೆ ಹೋಗಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಫೋಟೋ ಕನ್ನಡಿಯಂತಾಯಿತು. ಆ ಬಟ್ಟೆಯನ್ನು ವಾಪಸ್ ಕೊಡಲು ಮುಖ ತೋರಿಸಬೇಕಲ್ಲ ಎಂದು ಕೆಲವು ದಿನ ತಪ್ಪಿಸಿಕೊಂಡು ತಿರುಗಿದೆ. ಕೊನೆಗೆ ಹೋದಾಗ ಅವನು ಒಂದು ಹುಬ್ಬು ಮಾತ್ರ ಏರಿಸಿದ. ನನಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ, "ಟೀ ಕುಡಿಯೋಕೆ ಬರ್ತೀರಾ?" ಎಂದು ನಾನೇ ಕೇಳಿಬಿಟ್ಟೆ.

ನಾನು ಚರ್ಮದ ಡಾಕ್ಟರು. ಆದರೆ ನಮ್ಮ ಆಸ್ಪತ್ರೆಯಲ್ಲಿ ನಡೆಯುತ್ತಿರುವ ಈ ಸಂಶೋಧನೆಯಲ್ಲಿ ರೋಗಿಗಳ ಮುಖ ನೋಡುವ ಹಾಗಿಲ್ಲ. ವರ್ಷಗಟ್ಟಲೆ ಬಿಸಿಲು ತಿಂದವರ ಕೈ ಮೇಲೆ ಒರಟು ಕಲೆಗಳು ಏಳುತ್ತವೆ. ಹಾಗೇ ಬಿಟ್ಟರೆ ಅವುಗಳಲ್ಲಿ ಕೆಲವು ಕ್ಯಾನ್ಸರ್ ಆಗುತ್ತವೆ. ಅವಕ್ಕೆ ಹೊಸ ಕ್ರೀಮೊಂದು ಕೆಲಸ ಮಾಡುತ್ತದೆಯೇ ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ಒಂದು ಕೈಗೆ ನಿಜವಾದ ಕ್ರೀಮು, ಇನ್ನೊಂದಕ್ಕೆ ಔಷಧಿಯಿಲ್ಲದ ಕ್ರೀಮು. ಯಾವ ಕೈಗೆ ಯಾವುದು ಎಂದು ಗೊತ್ತಾದರೆ ಎಂಥವರ ಕಣ್ಣೂ ಪಕ್ಷಪಾತ ಮಾಡುತ್ತದೆ. ಅದಕ್ಕೇ ಹೆಸರಿಲ್ಲ, ಮುಖವಿಲ್ಲ, ತಾರೀಖಿಲ್ಲ; ಕೋಡ್ ನಂಬರ್ ಅಂಟಿಸಿದ ಚರ್ಮದ ಫೋಟೋ ಮಾತ್ರ ನನ್ನ ಸ್ಕ್ರೀನಿಗೆ ಬರುತ್ತದೆ. ಅದನ್ನು ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತೇನೆ.

"ದಿನಾ ಅಷ್ಟೊಂದು ಜನರ ಫೋಟೋ ನೋಡ್ತೀಯ, ನಾನು ಕಳಿಸಿದ ಒಬ್ಬ ಹುಡುಗನ ಫೋಟೋ ನೋಡೋಕೆ ನಿಂಗೆ ಪುರಸೊತ್ತಿಲ್ವಾ?" ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು. ನೋಡುತ್ತಿದ್ದೆ. ಆದರೆ ಅಭ್ಯಾಸಬಲದಿಂದ ಹುಡುಗನ ಮುಖ ಬಿಟ್ಟು ಕೆನ್ನೆಯ ಮೊಡವೆಗೆ ಅಂಕ ಹಾಕುತ್ತಿದ್ದೆ.

ಕೆಳಗಿನ ಫೋಟೋ ರೂಮಿನವನನ್ನು ಎಲ್ಲರೂ ಫೋಕಸ್ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಟೀ ದಿನದ ರೂಢಿಯಾಯಿತು. ಸಂಶೋಧನೆಯ ನಿಯಮಗಳನ್ನು ಕಾಯುವ ಕೋಆರ್ಡಿನೇಟರ್ ಅಕ್ಕ ಕ್ಯಾಂಟೀನಿನ ಪಕ್ಕದ ಟೇಬಲ್ಲಿನಲ್ಲಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಿದ್ದರು. ನಾವು ರೋಗಿಗಳ ಸುದ್ದಿ ಎತ್ತುವಂತಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಮಾತು ಬಿಟ್ಟರೆ ಉಳಿಯುವುದು ನಮ್ಮ ನಮ್ಮ ಮಾತೇ ತಾನೆ? ಅದನ್ನೇ ಮನಸ್ಸು ತುಂಬ ಆಡಿದೆವು.

ಅವನು ನನ್ನನ್ನು ನೋಡುತ್ತಿದ್ದ. ನಾನು ಬೇರೆ ಕಡೆ ತಿರುಗಿದಾಗ ನೋಡುತ್ತಿದ್ದ, ತಿರುಗಿ ನೋಡಿದರೆ ಟೀ ಲೋಟದೊಳಗೆ ಏನೋ ಬಿದ್ದಿರುವಂತೆ ಬಗ್ಗುತ್ತಿದ್ದ. ಆದರೆ ಮಾತು ಹತ್ತಿರ ಬಂದಾಗೆಲ್ಲ ಮನುಷ್ಯ ದೂರ ಸರಿಯುತ್ತಿದ್ದ. ಒಮ್ಮೆ ತೋಳಿನ ಮೇಲೆ ಟೀ ಚೆಲ್ಲಿಕೊಂಡ. ಅಂಗಿ ಮಡಚಿ ಒರೆಸೋಣ ಎಂದು ನಾನು ಕೈ ಹಾಕಿದ್ದೇ ತಡ, ಕೈಯನ್ನು ಹಿಂದಕ್ಕೆಳೆದುಕೊಂಡು ಎದ್ದೇ ಹೋದ. ಸೆಕೆಗಾಲದಲ್ಲೂ ಅವನು ತೋಳು ಮಡಚಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಮೇಲೆ ಇಷ್ಟವಿಲ್ಲವೇನೋ, ಬರೀ ಟೀ ಮೇಲೆ ಇಷ್ಟವೇನೋ ಎಂದುಕೊಂಡು ಒಳಗೊಳಗೇ ಕುದಿದೆ.

ಹೀಗಿರುವಾಗ ಆ ಫೋಟೋ ಬಂತು.

ಕೈಗಳ ಸಾಲಿನ ನಡುವೆ ಒಂದು ಕಾಲು. ಮೀನಖಂಡದ ಮೇಲೆ ಕೆಂಪಗೆ, ಬೆಳ್ಳಿಯಂಥ ಹೊಟ್ಟು ಎದ್ದ ಸೋರಿಯಾಸಿಸ್ ಪಟ್ಟಿಗಳು. ಅವುಗಳ ಪಕ್ಕದಲ್ಲಿ ಒಂದು ಮಚ್ಚೆ. ಅಂಚು ಹರಿದ ಕಾಗದದ ಹಾಗೆ. ಒಂದು ಬದಿ ಕಂದು, ಇನ್ನೊಂದು ಬದಿ ಇದ್ದಿಲಿನಷ್ಟು ಕಪ್ಪು. ಬೇರೆಯವರಾಗಿದ್ದರೆ ಆ ಕೆಂಪು ಪಟ್ಟಿಗಳನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ನನ್ನ ಕಣ್ಣು ಅವುಗಳ ಮೇಲೆ ನಿಲ್ಲಲಿಲ್ಲ. ಮಚ್ಚೆಯನ್ನು ದೊಡ್ಡದು ಮಾಡಿ ನೋಡಿದೆ. ಚರ್ಮದ ಕ್ಯಾನ್ಸರುಗಳಲ್ಲೇ ಪ್ರಾಣ ತೆಗೆಯುವಂಥ ಮೆಲನೋಮ ಹೀಗೇ ಶುರುವಾಗುತ್ತದೆ.

ಅಕ್ಕನಿಗೆ ಫೋನ್ ಮಾಡಿದೆ. "ಈ ನಂಬರಿನವರನ್ನ ಇವತ್ತೇ ಕರೆಸಿ. ಬಯಾಪ್ಸಿ ಆಗ್ಬೇಕು."

ಅಕ್ಕ ಹುಡುಕಿ ಹೇಳಿದರು, "ಇಂಥ ನಂಬರಿನ ರೋಗಿನೇ ಇಲ್ಲಮ್ಮ."

ಇಬ್ಬರೂ ಫೋಟೋ ರೂಮಿಗೆ ನುಗ್ಗಿದೆವು. ಫೋಕಸ್ ಸ್ಕ್ರೀನ್ ನೋಡಿದ, ಮುಖ ಬಿಳಿಚಿಕೊಂಡಿತು. "ಅಯ್ಯೋ, ಅದು ಟೆಸ್ಟ್ ಫೋಟೋ. ಬೆಳಗ್ಗೆ ಹೊಸ ಲೈಟ್ ಬಂತು. ಬಣ್ಣ ಸರಿ ಬರುತ್ತಾ ನೋಡೋಕೆ ಸುಮ್ನೆ ಒಂದು ನಂಬರ್ ಅಂಟಿಸಿ ತೆಗ್ದೆ. ಅಳಿಸೋಕೆ ಮರೆತೆ, ಅದು ತಾನಾಗೇ ಮೇಲೆ ಬಂದುಬಿಟ್ಟಿದೆ. ಡಿಲೀಟ್ ಮಾಡಿ."

"ಯಾರ ಕಾಲು?"

"ಯಾರದೋ... ಗೇಟ್ ಸೆಕ್ಯುರಿಟಿ ಅಣ್ಣಂದು."

ಅಕ್ಕ ಗೇಟಿಗೆ ಓಡಿದರು, ಅವರ ಹಿಂದೆ ನಾನು. ಸೆಕ್ಯುರಿಟಿ ಅಣ್ಣ ಏನೂ ಅರ್ಥವಾಗದೆ, ಪ್ಯಾಂಟಿನ ಎರಡೂ ಕಾಲನ್ನು ಮೊಣಕಾಲಿನವರೆಗೆ ಏರಿಸಿಕೊಂಡು, ಬರುವ ಹೋಗುವ ಜನರೆದುರು ನಿಂತ. "ನಾನೇನು ಮಾಡ್ದೆ ಮೇಡಂ? ಬೆಳಗ್ಗೆ ಸ್ನಾನ ಮಾಡ್ಕೊಂಡೇ ಬಂದಿದೀನಿ" ಎಂದು ಅಳುಮುಖ ಮಾಡಿದ. ಎರಡು ಕಾಲಿನಲ್ಲೂ ಸಾಸಿವೆಯಷ್ಟೂ ಕಲೆಯಿರಲಿಲ್ಲ.

ಆ ಕ್ಷಣ ನನಗೆ ಫೋಕಸನ ಉದ್ದ ತೋಳಿನ ಅಂಗಿಯ ಅರ್ಥವಾಯಿತು. ಅಕ್ಕನ ಕೈ ಹಿಡಿದೆಳೆದುಕೊಂಡು ಫೋಟೋ ರೂಮಿಗೆ ವಾಪಸ್ ಓಡಿದೆ.

"ಪ್ಯಾಂಟ್ ಮೇಲೆತ್ತಿ" ಎಂದೆ.

"ಮೇಡಂ, ಅಕ್ಕ ಇದಾರೆ ಇಲ್ಲಿ."

"ಅಕ್ಕ ಆ ಕಡೆ ತಿರುಗ್ತಾರೆ."

ಅಕ್ಕ ತಿರುಗಲಿಲ್ಲ. ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಕರೆ ಬಾರದಿದ್ದರೂ ಫೋನನ್ನು ಕಿವಿಗೆ ಹಿಡಿದು "ಹಲೋ" ಎನ್ನುತ್ತ ಹೊರಗೆ ಹೋದರು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ಚಿಕ್ಕಂದಿನಿಂದ ಇದೆ ಈ ಸೋರಿಯಾಸಿಸ್. ಮೊಣಕೈ ಮೇಲೂ ಇದೆ. ಶಾಲೇಲಿ ಯಾರೂ ಪಕ್ಕದಲ್ಲಿ ಕೂರ್ತಿರಲಿಲ್ಲ."

"ಅಂಟೋದಿಲ್ಲ ಅಂತ ನನಗೆ ಗೊತ್ತಲ್ವಾ? ನನ್ನ ಹತ್ರ ಯಾಕೆ ಮುಚ್ಚಿಟ್ರಿ?"

"ಅದಕ್ಕೇ ಮುಚ್ಚಿಟ್ಟೆ. ಬೇರೆಯವರು ನೋಡಿ ದೂರ ಸರಿದ್ರೆ, ಪಾಪ, ಗೊತ್ತಿಲ್ಲದೆ ಸರಿದ್ರು ಅಂತ ಸಮಾಧಾನ ಮಾಡ್ಕೋಬಹುದು. ನೀವು ಸರಿದ್ರೆ ಎಲ್ಲ ಗೊತ್ತಿದ್ದೇ ಸರಿದ ಹಾಗಲ್ವಾ?"

ನನಗೆ ಸಿಟ್ಟು ಬಂತು, ಅಳು ಬಂತು, ಅವನ ತಲೆಯನ್ನು ಎದೆಗೆ ಒತ್ತಿ ಹಿಡಿಯಬೇಕೆನ್ನಿಸಿತು. ಇಷ್ಟು ದಿನ ಈ ಮನುಷ್ಯನ ಮೇಲೆ ಎಷ್ಟು ಆಸೆ ಇಟ್ಟುಕೊಂಡಿದ್ದೆ ಎನ್ನುವುದು ಅವನನ್ನು ಕಳೆದುಕೊಳ್ಳುವ ಭಯ ಬಂದಾಗಲೇ ಗೊತ್ತಾಯಿತು. ನೆಲದ ಮೇಲೆ ಮಂಡಿಯೂರಿ ಕೂತೆ. ಅವನೇ ಪ್ಯಾಂಟು ಏರಿಸಿದ. ಕೆಂಪು ಪಟ್ಟಿಯ ಮೇಲೆ ಅಂಗೈ ಇಟ್ಟೆ. ಒರಟಾಗಿತ್ತು, ಬೆಚ್ಚಗಿತ್ತು. ಅವನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಕೇಳಿ. ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ. ಅದನ್ನ ಆಮೇಲೆ ಮಾತಾಡೋಣ. ಈ ಕೆಂಪು ಪಟ್ಟಿ ಏನೂ ಅಲ್ಲ. ಈ ಮಚ್ಚೆ ಒಳ್ಳೇದಲ್ಲ. ಯಾವಾಗಿಂದ ಬೆಳೀತಾ ಇದೆ?"

"ಗೊತ್ತಿಲ್ಲ. ನನ್ನ ಕಾಲನ್ನ ನಾನೇ ಸರಿಯಾಗಿ ನೋಡ್ಕೊಂಡಿಲ್ಲ." ಪ್ಯಾಂಟು ಇಳಿಸುತ್ತ ಕೇಳಿದ, "ಆಮೇಲೆ ಅಂದ್ರೆ ಯಾವಾಗ?"

"ಬಯಾಪ್ಸಿ ಆದ್ಮೇಲೆ."

"ಹಾಗಾದ್ರೆ ನಡೀರಿ ಈಗ್ಲೇ" ಎಂದು ಎದ್ದು ನಿಂತ. ನನಗೆ ಅಳುವಿನ ನಡುವೆಯೇ ನಗು ಬಂತು.

ನಮ್ಮ ದೊಡ್ಡ ಡಾಕ್ಟರು ಅಂದೇ ಮಚ್ಚೆಯನ್ನು ಪೂರ್ತಿ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವವರೆಗಿನ ದಿನಗಳು ಹೇಗೆ ಕಳೆದವೆಂದು ಕೇಳಬೇಡಿ. ಗೊತ್ತಿಲ್ಲದವರಿಗೆ ಧೈರ್ಯ ತಂದುಕೊಳ್ಳುವುದು ಸುಲಭ. ಮೆಲನೋಮ ಚರ್ಮದೊಳಗೆ ಅರ್ಧ ಮಿಲಿಮೀಟರ್ ಇಳಿದಿದ್ದರೆ ಏನು, ಎರಡು ಇಳಿದಿದ್ದರೆ ಏನು, ನಾಲ್ಕಾದರೆ ಏನು ಎಂಬುದೆಲ್ಲ ನನಗೆ ಬಾಯಿಪಾಠ. ಊಟದ ಡಬ್ಬಿ ಮುಚ್ಚಿದ ಹಾಗೇ ಮನೆಗೆ ವಾಪಸ್ ಹೋಗುತ್ತಿತ್ತು. ರೋಗಿ ಮಾತ್ರ ತೋಳು ಮಡಚಿಕೊಂಡು ಕ್ಯಾಂಟೀನಿಗೆ ಬಂದು, "ನೀವು ಹೀಗೆ ಉಪವಾಸ ಬಿದ್ರೆ ನನ್ನನ್ನ ನೋಡ್ಕೊಳ್ಳೋರು ಯಾರು? ತಿನ್ನಿ ಮೊದ್ಲು" ಎಂದು ನನ್ನನ್ನೇ ಗದರಿದ. ಅವನ ಮೊಣಕೈ ನೋಡಿ ಪಕ್ಕದ ಟೇಬಲ್ಲಿನವರು ಪಿಸುಗುಟ್ಟಿದರು. ಅವರಿಗೆ ಕೇಳುವ ಹಾಗೆ ನಾನು ನನ್ನ ಕುರ್ಚಿಯನ್ನು ಇನ್ನಷ್ಟು ಅವನ ಹತ್ತಿರಕ್ಕೆ ಎಳೆದುಕೊಂಡೆ.

ರಿಪೋರ್ಟ್ ಬಂತು. ಮೆಲನೋಮವೇ. ಆದರೆ ಚರ್ಮದ ಮೇಲ್ಪದರದಲ್ಲೇ ಇತ್ತು, ಕೆಳಗೆ ಇಳಿದಿರಲಿಲ್ಲ. ದೊಡ್ಡ ಡಾಕ್ಟರು ಸುತ್ತಲಿನ ಚರ್ಮವನ್ನೂ ಸ್ವಲ್ಪ ಅಗಲಕ್ಕೆ ಕತ್ತರಿಸಿ ಹೊಲಿಗೆ ಹಾಕಿದರು. ಅಂಚುಗಳಲ್ಲಿ ಏನೂ ಉಳಿದಿಲ್ಲವೆಂದು ಲ್ಯಾಬ್ ಹೇಳಿತು. ಆ ದಿನ ನಾನು ಅಂಕ ಹಾಕುವ ರೂಮಿನ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ.

ಹೊಲಿಗೆ ಬಿಚ್ಚಿದ ದಿನ ಇಬ್ಬರೂ ದೊಡ್ಡ ಡಾಕ್ಟರ ಎದುರು ಕೂತಿದ್ದೆವು. ಫೋಕಸ್ ಇನ್ನೂ ಆ "ಆಮೇಲಿನ" ಮಾತು ಎತ್ತಿರಲಿಲ್ಲ. ಕಾಯಿಲೆಯವನು ಕೇಳಿದರೆ ಕರುಣೆ ಬೇಡಿದ ಹಾಗಾಗುತ್ತದೆ ಎಂದು ಅವನ ತಲೆಯೊಳಗೆ ಹೊಕ್ಕಿತ್ತು. ಅದು ಅವನ ಮುಖದ ಮೇಲೇ ಕಾಣುತ್ತಿತ್ತು.

ದೊಡ್ಡ ಡಾಕ್ಟರು ಹೇಳಿದರು, "ಗುಣ ಆಗಿದೆ. ಆದ್ರೆ ಒಂದ್ಸಲ ಬಂದವರಿಗೆ ಬೇರೆ ಕಡೆ ಇನ್ನೊಂದು ಬರಬಹುದು. ಇಲ್ಲಿಗೆ ಬರ್ತಾ ಇರಬೇಕು. ಮನೇಲೂ ತಿಂಗಳಿಗೊಮ್ಮೆ ಮೈಪೂರ್ತಿ ನೋಡ್ಕೋಬೇಕು. ಬೆನ್ನು, ಕತ್ತಿನ ಹಿಂಭಾಗ ನಿನಗೆ ಕಾಣಲ್ಲ. ಮನೇಲಿ ಯಾರಿದಾರೆ ನೋಡೋಕೆ?"

"ಯಾರಿಲ್ಲ ಸರ್, ನಾನೊಬ್ಬನೇ. ಕ್ಯಾಮೆರಾಗೆ ಟೈಮರ್ ಇಟ್ಟು ಫೋಟೋ ತಕ್ಕೋತೀನಿ."

"ಎಲ್ಲಾ ಫೋಟೋದಲ್ಲಿ ಗೊತ್ತಾಗಲ್ಲ ಕಣಯ್ಯ. ಮುಟ್ಟಿ ನೋಡೋರು ಬೇಕು."

"ನಾನು ನೋಡ್ತೀನಿ ಸರ್" ಎಂದೆ.

ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ಒಂದು ವರ್ಷ, ಎರಡು ವರ್ಷದ ಮಾತಲ್ಲಮ್ಮ. ನಿನಗೂ ಗೊತ್ತು. ಬದುಕಿರೋವರೆಗೂ ನೋಡ್ತಾ ಇರಬೇಕು."

"ಗೊತ್ತು ಸರ್. ಗೊತ್ತಿದ್ದೇ ಹೇಳ್ತಿರೋದು."

ಅವನ ಕಿವಿ ಕೆಂಪಾಯಿತು, ಕಣ್ಣು ತುಂಬಿತು.

"ಸರ್, ಇವರು ನನ್ನನ್ನ ಒಂದು ಮಾತು ಕೇಳೇ ಇಲ್ಲ" ಎಂದ.

"ನಿಂದೇನಾದ್ರೂ ತಕರಾರಿದ್ಯಾ?"

"ಇಲ್ಲ ಸರ್."

"ಹಾಗಾದ್ರೆ ಇವತ್ತಿಂದಲೇ ಶುರುವಾಗ್ಲಿ" ಎಂದು ದೊಡ್ಡ ಡಾಕ್ಟರು ಪರೀಕ್ಷೆಯ ಮಂಚದ ದೀಪ ಹಾಕಿ, ನಮ್ಮಿಬ್ಬರನ್ನೇ ಬಿಟ್ಟು ಹೊರಗೆ ಹೋದರು.

ಅವನು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ನನ್ನ ಕಡೆ ಬೆನ್ನು ಮಾಡಿ ಕೂತ.