ಎಡ ಹೆಗಲಿಗೆ ಬಿಟ್ಟ ಬಟ್ಟೆ

ಒರೂರೊ ಊರಿನಲ್ಲಿ ಬ್ಯಾಂಡು ಮೆರವಣಿಗೆಯ ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ಟೈಲರ್ ಸೆನೋಬಿಯಾಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆ ಗಡಿಬಿಡಿಯಲ್ಲೂ ಅವಳ ಕಿವಿ ಕಾಯುತ್ತಿದ್ದದ್ದು ಒಬ್ಬನ ಹೆಜ್ಜೆಯ ಸದ್ದಿಗೆ. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವ ಸಿಪ್ರಿಯಾನೊ ವರ್ಷಕ್ಕೊಮ್ಮೆ ಕೋಟಿನ ಅಳತೆ ಕೊಡಲು ಬರುತ್ತಿದ್ದ. ಹನ್ನೊಂದು ವರ್ಷದಿಂದ ಅಷ್ಟೇ. ಉಳಿದ ದಿನಗಳಲ್ಲಿ ಅವಳ ಜೊತೆ ಮಾತಾಡುತ್ತಿದ್ದದ್ದು ಹೊಲಿಗೆ ಮಷಿನ್ನು ಮಾತ್ರ.

ಅವನ ಎಡ ಹೆಗಲ ಹಿಂದೆ ಒಂದು ಕೊಬ್ಬಿನ ಗಂಟಿತ್ತು. ಮೊದಲ ವರ್ಷ ನಿಂಬೆಹಣ್ಣಿನಷ್ಟು, ಈಗ ಕಿತ್ತಳೆಯಷ್ಟು. ಅದು ಎದ್ದು ಕಾಣಬಾರದೆಂದು ಸೆನೋಬಿಯಾ ಎಡಗಡೆ ಬಟ್ಟೆ ಸಡಿಲ ಬಿಟ್ಟು, ಬಲಗಡೆ ಅದಕ್ಕೆ ಸರಿಯಾಗಿ ಹತ್ತಿ ತುಂಬಿ ಹೊಲಿಯುತ್ತಿದ್ದಳು. ಅಳತೆ ತೆಗೆಯುವಾಗ ಅವಳ ಬೆರಳು ಅಲ್ಲಿ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಕನ್ನಡಿಯಲ್ಲಿ ಅವನು ನೋಡಿಯೂ ನೋಡದವನಂತೆ ಇರುತ್ತಿದ್ದ.

ಈ ಸಲ ಅಳತೆ ಕೊಟ್ಟು ಹೋದವನು ವಾರಕ್ಕೆ ಮತ್ತೆ ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

“ಸೆನೋಬಿಯಾ ಅವ್ರೆ, ಡ್ರಮ್ಮಿನ ಬೆಲ್ಟು ಉಜ್ಜಿ ಉಜ್ಜಿ ಗಂಟು ನೋಯ್ತಾ ಇದೆ. ಗುರುವಾರ ತೆಗೀತಾರಂತೆ.”

ಸೆನೋಬಿಯಾ ಕತ್ತರಿ ಕೆಳಗಿಟ್ಟಳು. ಗಂಟು ಹೋದರೆ ಯಾವ ಅಂಗಡಿಯ ರೆಡಿಮೇಡ್ ಕೋಟಾದರೂ ಅವನಿಗೆ ಆಗುತ್ತದೆ. ಆಮೇಲೆ ಇವಳ ಬಾಗಿಲಿಗೆ ಯಾಕೆ ಬರುತ್ತಾನೆ?

“ಒಳ್ಳೇದೇ ಆಯ್ತಲ್ಲ,” ಎಂದಳು.

“ಜೊತೆಗೊಬ್ರು ಇಲ್ದೆ ಆಸ್ಪತ್ರೇಲಿ ಕೈ ಹಾಕೋದಿಲ್ವಂತೆ. ಹೊರಗಡೆ ಕೂತಿರ್ಬೇಕಂತೆ. ನಂಗ್ಯಾರಿದ್ದಾರೆ ಹೇಳಿ?”

“ಬ್ಯಾಂಡಿನಲ್ಲಿ ನಲವತ್ತು ಜನ ಇದ್ದಾರಲ್ಲ.”

“ಅವ್ರೆಲ್ಲ ಊದೋಕಿರೋರು. ಕೂರೋಕಲ್ಲ.”

ಗುರುವಾರ ಆಸ್ಪತ್ರೆಯಲ್ಲಿ ನರ್ಸ್ ಫಾರಂ ಹಿಡಿದು ಸೆನೋಬಿಯಾಳನ್ನು ಕೇಳಿದಳು. “ಪೇಷೆಂಟಿಗೆ ನೀವೇನಾಗ್ಬೇಕು?”

“ಟೈಲರ್.”

“ಸಂಬಂಧ ಕೇಳಿದ್ದು, ತಾಯಿ.”

“ಇರೋದೇ ಅಷ್ಟು.”

ನರ್ಸ್ ಆ ಜಾಗವನ್ನು ಖಾಲಿ ಬಿಟ್ಟಳು. ಬೆಂಚಿನ ತುಂಬ ಗಂಡ, ಹೆಂಡತಿ, ಅಕ್ಕ, ತಂಗಿ ಅಂತ ಕಂಬಳಿ ಹೊದ್ದು ಕೂತವರು ಒಬ್ಬರಿಗೊಬ್ಬರು ಬ್ರೆಡ್ಡು ಮುರಿದು ಕೊಡುತ್ತಿದ್ದರು. ಅವಳು ತುದಿಯಲ್ಲಿ ಕೂತಳು. ಮುಕ್ಕಾಲು ಗಂಟೆಯ ಮೇಲೆ ನರ್ಸ್ ಬಂದು ಅವಳ ಕೈಗೊಂದು ಮುಚ್ಚಳದ ಬಾಟಲಿ ಇಟ್ಟಳು. “ಲ್ಯಾಬಿಗೆ ಕೊಟ್ಬನ್ನಿ. ಜೊತೆಗೆ ಬಂದವರೇ ತಗೊಂಡು ಹೋಗ್ಬೇಕು.”

ಒಳಗೆ ಬೆಣ್ಣೆ ಬಣ್ಣದ ಗಂಟು ಔಷಧಿ ನೀರಿನಲ್ಲಿ ತೇಲುತ್ತಿತ್ತು. ಚಳಿಗಾಳಿಗೆ ಬಾಟಲಿಯನ್ನು ಶಾಲಿನೊಳಗೆ ಸೇರಿಸಿಕೊಂಡು ಎರಡು ಬೀದಿ ನಡೆದಳು. ಲ್ಯಾಬಿನ ಬಾಗಿಲಲ್ಲಿ ನಿಂತು ಅದನ್ನು ಹೊರತೆಗೆದಳು.

“ಅವನನ್ನ ಇಷ್ಟು ವರ್ಷ ನನ್ನ ಹತ್ರ ಕರ್ಕೊಂಡು ಬಂದಿದ್ದು ನೀನೇ,” ಎಂದಳು ಬಾಟಲಿಗೆ. ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಕೊಟ್ಟುಬಂದಳು.

ಗಾಯದ ಹೊಲಿಗೆ ಬಿಚ್ಚಿದ ಮೇಲೆ ಸಿಪ್ರಿಯಾನೊ ಕೋಟು ತೊಟ್ಟು ನೋಡಲು ಬಂದ. ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಲ್ಯಾಬಿನವರು ಬರೆದುಕೊಟ್ಟಿದ್ದರು. ಕೋಟು ಹಾಕಿ ತಿರುಗಿದ. ಎಡ ಹೆಗಲ ಹಿಂದೆ ಬಟ್ಟೆ ಜೋತು ಬಿದ್ದಿತ್ತು. ಎಲ್ಲ ತಿಳಿದಿದ್ದೂ ಅವಳ ಕೈ ಹಳೇ ಅಳತೆಗೇ ಹೊಲಿದಿತ್ತು.

ಅವಳ ಮುಖ ಕೆಂಪಾಯಿತು. “ಬಿಚ್ಚಿ ಸರಿ ಮಾಡ್ತೀನಿ.”

“ಬೇಡ, ಬಿಡಿ.” ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. “ಎಂಟು ವರ್ಷದ ಹಿಂದೇನೇ ತೆಗೀತೀನಿ ಅಂದಿದ್ರು ಡಾಕ್ಟ್ರು. ನಾನೇ ಬೇಡ ಅಂದೆ.”

“ಯಾಕೆ?”

“ಆ ವರ್ಷದಿಂದ್ಲೇ ಬ್ಯಾಂಡಿನೋರಿಗೆಲ್ಲ ರೆಡಿಮೇಡ್ ಕೋಟು ಬರ್ತಿದೆ. ಗಂಟು ಇರೋದ್ರಿಂದ ನಂಗೊಬ್ಬನಿಗೆ ಆಗಲ್ಲ ಅಂತ ಹೇಳ್ಕೊಂಡು ಬಂದೆ. ಅದೂ ಇಲ್ದಿದ್ರೆ ಇಲ್ಲಿಗೆ ಏನಂತ ಬರ್ಲಿ?”

ಅವಳ ಕೈಯಿಂದ ಗುಂಡುಸೂಜಿಯ ಡಬ್ಬಿ ಜಾರಿ ನೆಲದ ತುಂಬ ಚೆಲ್ಲಿತು. ಇಬ್ಬರೂ ಹೆಕ್ಕಲು ಬಗ್ಗಲಿಲ್ಲ.

ಸೆನೋಬಿಯಾ ಹಿಂದಿನಿಂದ ಜೋತುಬಿದ್ದ ಬಟ್ಟೆಯ ಮೇಲೆ ಅಂಗೈ ಇಟ್ಟಳು. ಅದರಡಿ ಈಗ ಗಂಟಿರಲಿಲ್ಲ, ಬೆಚ್ಚಗಿನ ಬೆನ್ನಿತ್ತು.

“ಕೋಟು ಬಿಚ್ಚಿ ಕೊಡಿ, ಹಿಡಿದು ಹೊಲೀತೀನಿ,” ಎಂದಳು. “ಇನ್ಮೇಲೆ ನಿಮಗೆ ನೆಪ ಬೇಕಾಗಿಲ್ಲ.”

“ಹಂಗಾದ್ರೆ ನಾಳೆ ಬರ್ಲಾ?”

“ನಾಳೆ ಯಾಕೆ? ಒಲೆ ಮೇಲೆ ಜೋಳದ ಗಂಜಿ ಬಿಸಿಯಾಗಿದೆ. ಕೂತ್ಕೊಳ್ಳಿ.”

ಹನ್ನೊಂದು ವರ್ಷ ಆ ಅಂಗಡಿಯಲ್ಲಿ ನಿಂತೇ ಇದ್ದ ಸಿಪ್ರಿಯಾನೊ ಕುರ್ಚಿ ಎಳೆದುಕೊಂಡು ಕೂತ.